ಇರಿ ಎಂದರೆ ಕೂರು

ಕೃತಿಕಾ, ಮನು,

ಚೆಟ್ಟಳ್ಳಿಗೆ ಬಂದ ಮೂರನೆಯ ದಿನ ನಾನು ಬಿದ್ದೆ. ಕಲ್ಲು ಎಡವಿದ್ದಲ್ಲ, ತಲೆ ತಿರುಗಿದ್ದೂ ಅಲ್ಲ. ನೆಲ ಇದೆ ಎಂದುಕೊಂಡು ಕಾಲಿಟ್ಟ ಕಡೆ ನೆಲ ಒಂದು ಗೇಣು ಕೆಳಗಿತ್ತು.

ನಮ್ಮ ಅರಸೀಕೆರೆ ಸೀಮೆಯಲ್ಲಿ ಮನೆಯಿಂದ ಹೊಲಕ್ಕೆ ಹೋಗುವಾಗ ಯಾರೂ ಕಾಲು ನೋಡಿಕೊಂಡು ನಡೆಯುವುದಿಲ್ಲ. ತಲೆಯ ಮೇಲೆ ಬುತ್ತಿ, ಬಾಯಲ್ಲಿ ಮಾತು, ಕಾಲು ತನ್ನ ಪಾಡಿಗೆ ಹೋಗುತ್ತಿರುತ್ತದೆ. ಇಲ್ಲಿ ನಿಮ್ಮ ಸುಮಾ ಅತ್ತೆಯ ಮನೆ ಒಂದು ದಿಣ್ಣೆಯ ಮೇಲಿದೆ. ನೀರಿನ ತೊಟ್ಟಿ ಅದಕ್ಕಿಂತ ಮೇಲೆ, ರಸ್ತೆ ಎಷ್ಟೋ ಕೆಳಗೆ. ಮೊದಲನೆಯ ಬೆಳಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಹೋದರೆ ಪಕ್ಕದ ಮನೆಯ ಹೆಂಚು ನನ್ನ ಮೊಣಕಾಲಿನ ಮಟ್ಟಕ್ಕಿತ್ತು. ಯಾರದೋ ಮಾಡಿನ ಮೇಲೆ ನಿಂತುಬಿಟ್ಟೆನೇನೋ ಎಂದು ಹೆದರಿ ಒಳಗೆ ಬಂದೆ.

ಬಿದ್ದದ್ದಕ್ಕಿಂತ ಏಳಲು ಆಗದೇ ಹೋದದ್ದು ದೊಡ್ಡದು. ಊರಿನಲ್ಲಾದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು, ಒಂದು ಕಂಬ, ಒರಳು, ಹಸುವಿನ ಕೊರಳು. ಆ ರಸ್ತೆಬದಿಯಲ್ಲಿ ಕಾಫಿ ಗಿಡ ಮಾತ್ರ ಇತ್ತು. ಜಗ್ಗಿದರೆ ಕೊಂಬೆ ಮುರಿದೀತು, ಯಾರ ತೋಟವೋ ಏನೋ ಎಂದು ಕೈ ಹಾಕಲಿಲ್ಲ. ಹಾಗೇ ಮಣ್ಣಿನಲ್ಲಿ ಕೂತಿದ್ದೆ. ತೋಟದ ಕೆಲಸಕ್ಕೆ ಹೆಂಗಸರನ್ನು ಕರೆದೊಯ್ಯುವ ಜೀಪು ಬಂತು. ಹಿಂದೆ ನಿಂತಿದ್ದ ಇಬ್ಬರು ಧುಮುಕಿದರು. "ಪಾಟಿ, ಕೈ ಕುಡು ಪಾಟಿ" ಎಂದು ಒಬ್ಬಳು ಕೈ ಚಾಚಿದಳು. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ನನ್ನನ್ನು ಎತ್ತಿ ನಿಲ್ಲಿಸಿ, ಸೀರೆಯ ಮಣ್ಣು ಕೊಡವಿ, ಹೊರಟಿದ್ದ ಜೀಪಿಗೆ ಹಾರಿ ಹತ್ತಿಕೊಂಡರು. ಆ ಉಬ್ಬುತಗ್ಗಿನ ದಾರಿಯಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಎಲೆ ಅಡಿಕೆ ಹಂಚಿಕೊಳ್ಳುತ್ತ ಹೋದರು. ಅವರ ಕಾಲು ಹೇಗೆ ನಿಂತಿದೆ ಎಂದು ನಾನು ತಿರುವಿನವರೆಗೂ ನೋಡಿದೆ.

ನಾನು ಮೂರು ತಿಂಗಳಿಗೆಂದು ಬಂದವಳು. ಸುಮಾಗೆ ಇಲ್ಲಿಯ ಆಸ್ಪತ್ರೆಗೆ ವರ್ಗವಾಗಿತ್ತು. ನರ್ಸ್ ಕೆಲಸ, ಪಾಳಿ ಬದಲಾಗುತ್ತಿರುತ್ತದೆ. ನಿಮ್ಮ ಮಾವ ಮಂಗಳೂರಿನಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. ಅವರ ಐದು ವರ್ಷದ ಮಗಳು ಧೃತಿಯನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಪಕ್ಷದ ಹೊತ್ತಿಗೆ ಊರಿಗೆ ಹಿಂದಿರುಗುವುದು ಎಂದು ನಿಮ್ಮ ಅಪ್ಪನಿಗೆ ಹೇಳಿ ಬಂದಿದ್ದೆ.

ಪಕ್ಷಕ್ಕೆ ಬಂದೆ, ನಿಮಗೆ ನೆನಪಿರಬೇಕು. ನಿಮ್ಮ ತಾತ ಹೋದ ಮೇಲೆ ಪಿತೃಪಕ್ಷದ ಎಡೆಯನ್ನು ನಾನೇ ಇಡುತ್ತಿದ್ದೆ. ನೆಲಕ್ಕೆ ಕೂತು, ಕಳಶದ ಮುಂದೆ ಎಲೆ ಹಾಸಿ, ಒಂದೊಂದೇ ಬಡಿಸಿ, ಧೂಪ ಹಾಕಿ, ಅಡ್ಡಬಿದ್ದು ಏಳುವುದು. ನಮ್ಮ ಮನೆಯಲ್ಲಿ ಅದು ಹಿರಿಯ ಹೆಂಗಸಿನ ಕೆಲಸ. ಆ ವರ್ಷ, ಬಿದ್ದು ಪೆಟ್ಟಾದ ಮಂಡಿ ಊದಿತ್ತು. ನಿಮ್ಮಪ್ಪ ಪ್ಲಾಸ್ಟಿಕ್ ಕುರ್ಚಿ ತಂದು ಗೋಡೆಗೆ ಒತ್ತಿ ಇಟ್ಟ. ನಿಮ್ಮಮ್ಮ ಭಾಗ್ಯ ಎಡೆ ಇಟ್ಟಳು. ನಾನು ಕುರ್ಚಿಯಿಂದಲೇ ಕೈ ಮುಗಿದೆ. ಬಸ್ಸಿಗೆ ಕಾಯುವ ನೆಂಟರಂತೆ ಕೂತಿದ್ದೆ. ಯಾರೂ ತಪ್ಪು ಮಾಡಲಿಲ್ಲ. ಆದರೆ ಆ ಮನೆಯ ನೆಲ ನಾನು ಮೂವತ್ತೆಂಟು ವರ್ಷ ಸಾರಿಸಿದ ನೆಲ. ಮೊದಲು ಸಗಣಿ, ಆಮೇಲೆ ರೆಡ್ ಆಕ್ಸೈಡು. ಅದನ್ನು ಮುಟ್ಟಲು ಆಗದೆ ಮೇಲೆ ಕೂತದ್ದು ನನಗೆ ಸಹಿಸಲಾಗಲಿಲ್ಲ. ಮುಂದಿನ ಪಕ್ಷಕ್ಕೆ ನೆಲಕ್ಕೆ ಕೂತು, ಅಡ್ಡಬಿದ್ದು, ಯಾರ ಕೈಯೂ ಹಿಡಿಯದೆ ಏಳಬೇಕು ಎಂದು ಅಲ್ಲೇ ಅಂದುಕೊಂಡೆ. ಹೇಗೆ ಎಂದು ಗೊತ್ತಿರಲಿಲ್ಲ. ಸುಮಾಳ ಪಾಳಿ ಹಾಗೇ ಇದ್ದುದರಿಂದ ಮತ್ತೆ ಚೆಟ್ಟಳ್ಳಿಗೇ ಬಂದೆ.

ಸುಮಾ ಮಡಿಕೇರಿಯ ಮೂಳೆ ಡಾಕ್ಟರಿಗೆ ತೋರಿಸಿದಳು. ಅವರು ಪಟ ತೆಗೆಸಿ ನೋಡಿ, "ಮಂಡಿ ಅಷ್ಟೇನೂ ಸವೆದಿಲ್ಲ ಅಮ್ಮ, ತೊಡೆಯಲ್ಲಿ ಬಲ ಇಲ್ಲ" ಎಂದರು. ಐವತ್ತು ವರ್ಷ ಗೆಯ್ದವಳ ತೊಡೆಯಲ್ಲಿ ಬಲವಿಲ್ಲ ಎಂದರೆ ಹೇಗೆ ನಂಬುವುದು. ಆದರೆ ನಿಮ್ಮ ತಾತ ಹೋದ ಮೇಲೆ ನಾನು ಮಾಡಿದ್ದು ಮೂಲೆಯಲ್ಲಿ ಕೂತದ್ದೇ ಹೆಚ್ಚು.

ಇಲ್ಲಿ ಭಾಷೆ ಒಂದು ಎಂದಿಲ್ಲ. ಬಸ್ಸಿನಲ್ಲಿ ಒಂದು ಸೀಟಿನಲ್ಲಿ ಕೊಡವ ತಕ್ಕ್, ಹಿಂದಿನದರಲ್ಲಿ ಮಲಯಾಳ, ಮುಂದೆ ಅರೆಭಾಷೆ. ಅರೆಭಾಷೆ ಕನ್ನಡವೇ, ಆದರೆ ನಮ್ಮ ಕಿವಿಗೆ ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡಿದಂತೆ. ಕಂಡಕ್ಟರ್ ಎಲ್ಲರಿಗೂ ಅವರವರ ಮಾತಿನಲ್ಲೇ ಬಯ್ಯುತ್ತಾನೆ. ನಾನು ಬಾಯಿ ತೆರೆದರೆ "ಅಮ್ಮ ಹಾಸನದ ಕಡೆಯವ್ರಾ?" ಎನ್ನುತ್ತಾರೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದೆ. ಕಾಫಿಗೆ ಬೆಲ್ಲ ಹಾಕಿ, ಹಾಲಿಲ್ಲದೆ ಕುಡಿಯುತ್ತಾರೆ. ಹೊಟ್ಟೆಗೆ ಮೂರು ಹೊತ್ತೂ ಅಕ್ಕಿ. ಅಕ್ಕಿ ರೊಟ್ಟಿ, ಅಕ್ಕಿ ಕಡುಬು, ಅನ್ನ. ರಾಗಿ ಹಿಟ್ಟಿಗೆ ಕುಶಾಲನಗರಕ್ಕೆ ಹೋಗಬೇಕು. ಅಲ್ಲಿ ನಮ್ಮ ಕಡೆಯಿಂದ ಬಂದು ನೆಲೆಸಿದವರು ಇದ್ದಾರೆ, ಅಂಗಡಿಯಲ್ಲಿ ಹಿಟ್ಟು ಸಿಗುತ್ತದೆ. ಧೃತಿ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ "ಇದು ಆಟದ್ದಾ?" ಎಂದಳು. ಮಧ್ಯಾಹ್ನ ಅವಳು ಶಾಲೆಗೆ, ಸುಮಾ ಆಸ್ಪತ್ರೆಗೆ ಹೋದ ಮೇಲೆ ನಾನೊಬ್ಬಳೇ ಮುದ್ದೆ ತಿನ್ನುವಾಗ, ಎದುರಿಗೆ ಯಾರಾದರೂ ಕೂತು ಸಾರು ಉಪ್ಪಾಯಿತು ಎಂದು ಬೈದರೂ ಸಾಕು ಅನ್ನಿಸುತ್ತಿತ್ತು.

ಕ್ಲಾಸಿಗೆ ಸೇರಿದವಳು ಧೃತಿ, ನಾನಲ್ಲ.

ನಮ್ಮ ಮನೆಯಿಂದ ಕೆಳಗೆ ದೇಚಮ್ಮ ಎಂಬ ಕೊಡವ ಹೆಂಗಸಿನ ತೋಟವಿದೆ. ನನಗಿಂತ ಎರಡು ಮೂರು ವರ್ಷ ದೊಡ್ಡವರು. ಅವರ ಮನೆಯ ಮುಂದೆ ಕಾಫಿ ಒಣಗಿಸುವ ಕಣ. ನಮ್ಮ ಕಣಕ್ಕೂ ಈ ಕಣಕ್ಕೂ ಹೆಸರು ಮಾತ್ರ ಒಂದೇ. ನಮ್ಮದು ಸುಗ್ಗಿಗೆ ಮುಂಚೆ ಕೆತ್ತಿ, ಸಗಣಿ ಬಳಿದು, ರಾಗಿ ತುಳಿಸಿ, ಆಮೇಲೆ ಮತ್ತೆ ಮಣ್ಣಾಗಿಬಿಡುವ ಕಣ. ಇವರದು ಸಿಮೆಂಟಿನದು, ವರ್ಷವಿಡೀ ಇರುತ್ತದೆ. ಇಡೀ ಇಳಿಜಾರಿನಲ್ಲಿ ಮಟ್ಟವಾದ ಜಾಗ ಅದೊಂದೇ. ಕಾಫಿ ಇಲ್ಲದ ತಿಂಗಳಲ್ಲಿ ಬುಧವಾರ, ಶನಿವಾರ ಅಲ್ಲಿ ಕ್ಲಾಸು. ಬೆಳಗ್ಗೆ ಹತ್ತಕ್ಕೆ ದೊಡ್ಡವರಿಗೆ ಯೋಗ, ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಭರತನಾಟ್ಯ. ಎರಡನ್ನೂ ಕಲಿಸುವವರು ಬಿಂದು ಟೀಚರ್. ಕೇರಳದವರು, ಮಾಕುಟ್ಟದ ಚೆಕ್‌ಪೋಸ್ಟು ದಾಟಿ ಮದುವೆಯಾಗಿ ವಿರಾಜಪೇಟೆಗೆ ಬಂದವರು. ಸಿದ್ದಾಪುರದಲ್ಲಿ ಬಸ್ಸು ಬದಲಾಯಿಸಿ ಬರುತ್ತಾರೆ. ಒಂದು ಚೀಲದಲ್ಲಿ ಊಟ, ಇನ್ನೊಂದರಲ್ಲಿ ತಾಳ ಹಾಕುವ ಮರದ ಹಲಗೆ ಮತ್ತು ಕೋಲು.

ಧೃತಿ ನಾನು ಪಕ್ಕದಲ್ಲಿ ನಿಂತರೆ ಮಾತ್ರ ನಿಲ್ಲುತ್ತೇನೆ ಎಂದು ಹಟ ಹಿಡಿದಳು. ನಿಂತೆ. ಮೂರನೆಯ ವಾರ ಅವಳಿಗೆ ಬೇಸರವಾಗಿ ದೇಚಮ್ಮನ ನಾಯಿಯ ಹಿಂದೆ ಹೋದಳು. ನಾನು ಹೊರಡಲು ಚೀಲ ತೆಗೆದುಕೊಂಡೆ.

"ಅಮ್ಮ ಎಲ್ಲಿಗೆ?" ಎಂದರು ಬಿಂದು ಟೀಚರ್.

"ಮಗು ಒಲ್ಲೆ ಅಂತೈತಲ್ಲ."

"ಮಗು ಬೇಡ ಅಂದ್ರೆ ಬೇಡ. ನಿಮಗೆ?"

ನನ್ನನ್ನು ಹಾಗೆ ಕೇಳಿದವರು ಇರಲಿಲ್ಲ. ನಾಟ್ಯ ಬೇಕು ಎಂದು ಹೇಳಲು ನಾಚಿಕೆ. ಬೇಡ ಎನ್ನಲು ಮನಸ್ಸಿಲ್ಲ. ಕೊನೆಗೆ ಇರುವುದನ್ನೇ ಹೇಳಿದೆ. "ನೆಲದ ಮೇಲೆ ಕೂತು ಏಳಬೇಕು ಟೀಚರ್. ಮುಂದಿನ ಪಕ್ಷದೊಳಗೆ."

ಪಕ್ಷ ಎಂದರೆ ಏನೆಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. "ಬುಧವಾರ ಬೆಳಗ್ಗೆ ಬನ್ನಿ" ಎಂದರು.

ಹೋಗುವುದೇನೋ ಸರಿ, ಉಡುವುದೇನು? ಉಳಿದ ನಾಲ್ಕು ಹೆಂಗಸರು ಚೂಡಿದಾರ, ಪ್ಯಾಂಟು ಹಾಕಿದ್ದರು. ದೇಚಮ್ಮ ತಮ್ಮ ಮಗಳ ಒಂದು ಪ್ಯಾಂಟು ತಂದು ನನ್ನ ಸೊಂಟಕ್ಕೆ ಹಿಡಿದು ಅಳೆದರು. "ಆಗ್ತದೆ. ಎಂತ ನಾಚಿಕೆ? ಇಲ್ಲಿ ಯಾರು ನೋಡ್ತಾರೆ ನಿಮ್ಮನ್ನು, ಕಾಫಿ ಗಿಡವಾ?" ಎಂದರು. ನನಗೆ ಆಗಲಿಲ್ಲ. ಗೋಡೌನಿನ ಹಿಂದೆ ಹೋಗಿ, ನಾಟಿ ಹಾಕುವಾಗ ಗದ್ದೆಗೆ ಇಳಿಯಲು ಉಡುತ್ತಿದ್ದ ಹಾಗೆ ಸೀರೆ ಎತ್ತಿ, ಕಾಲ ನಡುವೆ ತಂದು, ಹಿಂದೆ ಬಿಗಿಯಾಗಿ ಸಿಕ್ಕಿಸಿ ಬಂದೆ. ಬಿಂದು ಟೀಚರ್ ಸುತ್ತ ಬಂದು ನೋಡಿದರು. ನಾಟ್ಯದ ಸೀರೆಯನ್ನೂ ಹೀಗೇ ಉಡುವುದು, ಮಕ್ಕಳಿಗೆ ಕಲಿಸಲು ಅರ್ಧ ಗಂಟೆ ಬೇಕು ಎಂದರು. ಆ ದಿನ ಮಕ್ಕಳ ಮುಂದೆ ನನ್ನನ್ನು ನಿಲ್ಲಿಸಿ, ಕಚ್ಚೆ ಬಿಚ್ಚಿ ಕಟ್ಟುವುದನ್ನು ನನ್ನ ಕೈಯಲ್ಲೇ ಹೇಳಿಸಿದರು. ಊರು ಬಿಟ್ಟು ಬಂದ ಮೇಲೆ ನನಗೆ ಗೊತ್ತಿದ್ದದ್ದು ಒಂದು ಬೇರೆಯವರಿಗೆ ಬೇಕಾದದ್ದು ಅದೇ ಮೊದಲು.

ಮೊದಲ ಪಾಠ ಸುಮ್ಮನೆ ನಿಲ್ಲುವುದು. ಅಷ್ಟೇ. ಅದನ್ನು ತಾಡಾಸನ ಎನ್ನುತ್ತಾರೆ. ಹಿಮ್ಮಡಿ ಎಲ್ಲಿ ಒತ್ತುತ್ತಿದೆ, ಪಾದದ ಹೊರ ಅಂಚು ಎಲ್ಲಿ, ಕಿರುಬೆರಳು ನೆಲ ಮುಟ್ಟಿದೆಯೋ ಇಲ್ಲವೋ, ಕಣ್ಣು ಮುಚ್ಚಿ ನೋಡಬೇಕು. ನಾನು ನೋಡಿದೆ. ಎಡಗಾಲಿನ ಕಿರುಬೆರಳು ನೆಲ ಮುಟ್ಟುತ್ತಲೇ ಇರಲಿಲ್ಲ. ಅರವತ್ತೊಂದು ವರ್ಷ ಆ ಬೆರಳು ನನ್ನ ಜೊತೆ ಇದ್ದು ಏನೂ ಮಾಡದೆ ಕಾಲ ಕಳೆದಿದೆ. "ಕೆಲಸ ಮಾಡುವಾಗ ಕಾಲನ್ನು ಮರೀತೀರಿ. ಇಲ್ಲಿ ಮರೀಬಾರದು, ಅಷ್ಟೇ ಯೋಗ" ಎಂದರು ಟೀಚರ್. ಉಸಿರು ಬಿಡುತ್ತ ಬಾಗು, ಉಸಿರು ಎಳೆಯುತ್ತ ಏಳು. ಇದು ನನಗೆ ಹೊಸದಲ್ಲ. ಒನಕೆ ಎತ್ತುವಾಗ ಉಸಿರು ಒಳಗೆ, ಹಾಕುವಾಗ "ಹುಂ" ಎಂದು ಹೊರಗೆ. ಆದರೆ ಅಲ್ಲಿ ರಾಗಿಯ ಕಡೆ ಕಣ್ಣಿರುತ್ತಿತ್ತು, ಉಸಿರಿನ ಕಡೆ ಅಲ್ಲ.

ಮಂಡಿಗೆ ಬಲ ಬರಲು ಟೀಚರ್ ನಾಟ್ಯದ ಅರಮಂಡಿಯನ್ನು ಕೊಟ್ಟರು. ಪಾದಗಳನ್ನು ಎರಡು ಕಡೆಗೆ ತಿರುಗಿಸಿ, ಮಂಡಿ ಹೊರಕ್ಕೆ ಬಾಗಿಸಿ, ಬೆನ್ನು ನೇರ ಇಟ್ಟು ಅರ್ಧ ಕೂರುವುದು. ನನಗೆ ಅರ್ಧದ ಅರ್ಧ ಸಾಕು ಎಂದರು. ಇಲ್ಲಿಂದ ನಮ್ಮಿಬ್ಬರ ಕಷ್ಟ ಶುರುವಾಯಿತು.

ಟೀಚರ್ ಕೋಲಿನಿಂದ ಹಲಗೆಗೆ ಬಡಿದು ತಾಳ ಹಾಕುತ್ತ, "ಅಮ್ಮ, ಇರಿ" ಎನ್ನುವರು.

ಇದ್ದೆ.

"ಇರಿ ಅಮ್ಮ. ಇನ್ನೂ ಇರಿ."

ಇನ್ನೂ ಇದ್ದೆ. ತೊಡೆ ನಡುಗುತ್ತಿತ್ತು. ಇರು ಎಂದ ಮೇಲೆ ಇರಬೇಕಲ್ಲ.

"ಇರಿ, ಇರಿ, ಇರಿ!"

ಕಣ್ಣಲ್ಲಿ ನೀರು ಬಂದರೂ ಕದಲಲಿಲ್ಲ. ಆಗ ಟೀಚರ್ ಸೋತು ಕೋಲು ಕೆಳಗಿಟ್ಟು "ಮದಿ, ಮದಿ" ಎನ್ನುವರು. ಮಡಿ ಎನ್ನುತ್ತಿದ್ದಾರೆ, ಮಂಡಿ ಮಡಿಸಬೇಕು ಎಂದುಕೊಂಡು ನಾನು ಇನ್ನಷ್ಟು ಬಾಗುತ್ತಿದ್ದೆ. ಅವರು ಓಡಿಬಂದು ನನ್ನ ಎರಡು ತೋಳು ಹಿಡಿದು ಎತ್ತುತ್ತಿದ್ದರು. ಎರಡು ವಾರ ಹೀಗೇ ನಡೆಯಿತು. ಹಾಸನದ ಅಮ್ಮ ಹಟಮಾರಿ, ಹೇಳಿದಾಗ ಮಾಡುವುದಿಲ್ಲ, ಬೇಡ ಎಂದಾಗ ಮಾಡುತ್ತಾರೆ ಎಂದು ಅವರು ದೇಚಮ್ಮನ ಹತ್ತಿರ ಹೇಳಿಕೊಂಡರಂತೆ. ನಾನು ಸುಮಾಳ ಹತ್ತಿರ, ಆ ಟೀಚರಿಗೆ ಸ್ವಲ್ಪವೂ ಕರುಣೆ ಇಲ್ಲ ಎಂದು ಹೇಳಿಕೊಂಡೆ.

ಅದನ್ನು ಬಿಡಿಸಿದವರು ದೇಚಮ್ಮ. ಚಾಪೆಯ ಮೇಲೆ ಕಾಲು ನೀಡಿ ಕೂತವರು ಇದ್ದಕ್ಕಿದ್ದಂತೆ ನಗಲು ಶುರು ಮಾಡಿದರು. "ಟೀಚರೇ, ನಿಮ್ಮ ಇರಿ ಬೇರೆ, ಅವರ ಇರಿ ಬೇರೆ. ಕನ್ನಡದವರಿಗೆ ಇರಿ ಅಂದ್ರೆ ಹಾಗೇ ಇರೋದು. ನೀವು ಇರಿ ಇರಿ ಅಂತ ಬೊಬ್ಬೆ ಹಾಕಿದ್ರೆ ಪಾಪ ಅವರು ಮಳೆಗಾಲದತನಕ ಹಾಗೇ ಇರ್ತಾರೆ."

ಬಿಂದು ಟೀಚರ್ ತಲೆಗೆ ಕೈ ಹೊತ್ತರು. ಮಲಯಾಳದಲ್ಲಿ ಇರಿ ಎಂದರೆ ಕೂರು. ಮದಿ ಎಂದರೆ ಸಾಕು. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ತಾಳ ಹಾಕಲು ಶುರು ಮಾಡಿದರೆ ತಾವು ಕಲಿತ ಭಾಷೆಯೇ ಬಾಯಿಗೆ ಬರುತ್ತದಂತೆ. "ಎಷ್ಟು ವರ್ಷದಿಂದ ಇಲ್ಲಿದ್ದೀನಿ. ಮಾತಾಡೋದು ಕನ್ನಡ, ಎಣಿಸೋದು ಮಾತ್ರ ಮಲಯಾಳ. ಅದು ಹೋಗಲ್ಲ ಅಮ್ಮ" ಎಂದರು.

"ನನಗೂ ಬಯ್ಯೋದು ಕೊಡವದಲ್ಲೇ ಬರೋದು" ಎಂದರು ದೇಚಮ್ಮ.

"ಅದು ನಮಗೆಲ್ಲ ಗೊತ್ತು" ಎಂದರು ಟೀಚರ್.

ಆ ದಿನ ಮೊದಲ ಸಲ ನಾನು ಆ ಕಣದಲ್ಲಿ ಗಟ್ಟಿಯಾಗಿ ನಕ್ಕೆ. ನಕ್ಕ ಮೇಲೆ ಮಾತೂ ಬಂತು. ನಮ್ಮ ಕಡೆ ನೆಂಟರು ಹೊರಟಾಗ "ಇರ್ರಪ್ಪ, ಇರ್ರಿ" ಎನ್ನುತ್ತೇವೆ, ನಿಮ್ಮ ಊರಿನಲ್ಲಿ ಹಾಗೆಂದರೆ ಹೊರಟವರು ಮತ್ತೆ ಕೂತುಬಿಡುತ್ತಾರಾ ಎಂದು ಕೇಳಿದೆ. ಟೀಚರ್ ಸ್ವಲ್ಪ ಯೋಚಿಸಿ ಹೇಳಿದರು: "ನಿಮ್ಮ ಅರ್ಥವೂ ತಪ್ಪಲ್ಲ ಅಮ್ಮ. ಮಕ್ಕಳು ಅರಮಂಡಿ ಕೂರ್ತಾರೆ, ತಕ್ಷಣ ಏಳ್ತಾರೆ. ಕೂತಲ್ಲಿ ಇರೋದು ಬರಲ್ಲ. ನಿಮಗೆ ಇರೋದು ಬರ್ತದೆ. ಇನ್ನು ಕೂರೋದು ಕಲಿತರೆ ಆಯ್ತು."

ಡಿಸೆಂಬರಿನಲ್ಲಿ ಪಿಕ್ಕಿಂಗ್ ಶುರುವಾಯಿತು. ಪಿಕ್ಕಿಂಗ್ ಎಂದರೆ ಕಾಫಿ ಹಣ್ಣು ಕುಯ್ಯುವುದು, ಇಲ್ಲಿ ಯಾರೂ ಅದನ್ನು ಬೇರೆ ಮಾತಿನಲ್ಲಿ ಹೇಳುವುದಿಲ್ಲ. ಕಣದ ತುಂಬ ಕೆಂಪು ಹಣ್ಣು ಹರಡಿದರು. ನಮ್ಮ ಕ್ಲಾಸು ಗೋಡೌನಿಗೆ ಹೋಯಿತು. ಒಂದು ಕಡೆ ಮೆಣಸಿನ ಮೂಟೆ, ಇನ್ನೊಂದು ಕಡೆ ನಾವು. ಉಸಿರು ದೀರ್ಘವಾಗಿ ಎಳೆದುಕೊಳ್ಳಿ ಎಂದರೆ ಎಲ್ಲರಿಗೂ ಸೀನು. ಕಾಫಿ ಕೆದರುವ ಹೆಂಗಸರು ಬಾಗಿಲಲ್ಲಿ ಇಣುಕಿ ನನ್ನನ್ನು ನೋಡಿ ಬಾಯಿಗೆ ಸೆರಗು ಇಟ್ಟುಕೊಳ್ಳುತ್ತಿದ್ದರು. ಗಂಡ ಸತ್ತವಳು, ಮೊಮ್ಮಕ್ಕಳನ್ನು ಕಂಡವಳು, ಕಾಲು ತಟ್ಟಿಕೊಂಡು ತೈಯಾ ತೈ ಎನ್ನುತ್ತಿದ್ದಾಳೆ ಎಂದು ಅವರೇನೂ ಹೇಳಲಿಲ್ಲ. ನಾನೇ ಅವರ ಪರವಾಗಿ ನನಗೆ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಟೀಚರ್ ಹೂ ಕೀಳುವ ಹಸ್ತವನ್ನು ತೋರಿಸಿದರು. ಹೆಬ್ಬೆರಳು ಮತ್ತು ಎರಡು ಬೆರಳು ಸೇರಿಸಿ, ಉಳಿದೆರಡನ್ನು ಮೇಲೆತ್ತುವುದು. ಇಣುಕುತ್ತಿದ್ದವಳೊಬ್ಬಳು, "ನಾವೂ ಹಂಗೇ ಅಲ್ವಾ ಕುಯ್ಯೋದು" ಎಂದು ತನ್ನ ಕೈ ಎತ್ತಿ ತೋರಿಸಿದಳು. ಮಸಿಯಂಥ ಕಲೆ ಹಿಡಿದ ಬೆರಳು, ಹಸ್ತ ಸರಿಯಾಗಿಯೇ ಇತ್ತು. ಟೀಚರ್ ಅವಳನ್ನು ಒಳಗೆ ಕರೆದರು. ರೈಟರ್ ಹೊರಗಿನಿಂದ ಕೂಗಿದ, ಅವಳು ಓಡಿದಳು. ರೈಟರ್ ಎಂದರೆ ಇಲ್ಲಿ ಬರೆಯುವವನಲ್ಲ, ತೋಟದ ಆಳುಗಳ ಮೇಲ್ವಿಚಾರಕ.

ನಾಟ್ಯ ಶುರು ಮಾಡುವ ಮೊದಲು ಭೂಮಿಗೆ ನಮಸ್ಕಾರ ಮಾಡುತ್ತಾರೆ. ಪೂರ್ತಿ ಕೆಳಗೆ ಕೂತು, ಎರಡು ಕೈಯಿಂದ ನೆಲ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು ಏಳುವುದು. ನಿನ್ನನ್ನು ತುಳಿಯುತ್ತೇನೆ, ಮನ್ನಿಸು ಎಂದು ಅದರ ಅರ್ಥ. ನಾವೂ ವರ್ಷದ ಮೊದಲ ಉಳುಮೆಗೆ ಹೊನ್ನಾರು ಕಟ್ಟುವ ದಿನ ನೇಗಿಲು ಊರುವ ಮೊದಲು ಮಣ್ಣನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಅದೇ. ಮಕ್ಕಳು ಅದನ್ನು ಮೂರು ಉಸಿರಿನಲ್ಲಿ ಮುಗಿಸುತ್ತಾರೆ. ನನಗೆ ಟೀಚರ್ ಅದನ್ನು ತುಂಡು ತುಂಡಾಗಿ ಕಲಿಸಿದರು. ಮೊದಲು ಮೂಟೆ ಹಿಡಿದುಕೊಂಡು ಅರ್ಧ. ಆಮೇಲೆ ಸ್ಟೂಲಿನವರೆಗೆ. ಆಮೇಲೆ ಇಟ್ಟಿಗೆಯವರೆಗೆ. ಏಳುವಾಗ ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು, ಉಸಿರು ಬಿಟ್ಟು, ಹಿಮ್ಮಡಿಯಿಂದ ನೆಲವನ್ನು ತಳ್ಳಬೇಕು. "ಪದುಕೆ, ಪದುಕೆ" ಎನ್ನುತ್ತಿದ್ದರು. ಪದುಕೆ ಎಂದರೆ ನಿಧಾನ. ಆ ಹೊತ್ತಿಗೆ ನಾನು ಅರ್ಥ ಕೇಳುತ್ತಿರಲಿಲ್ಲ.

ಮಾರ್ಚಿನಲ್ಲಿ ಹೂಮಳೆ ಬಿದ್ದು, ಕಾಫಿ ಹೂಬಿಟ್ಟು ತೋಟವೆಲ್ಲ ಬೆಳ್ಳಗಾದಾಗ ನಾನು ಇಟ್ಟಿಗೆಯವರೆಗೆ ಇಳಿಯುತ್ತಿದ್ದೆ. ಜುಲೈ ಹೊತ್ತಿಗೆ ಎಲ್ಲ ಕೆಟ್ಟಿತು. ತಂಡಿಗೆ ಮಂಡಿ ಮತ್ತೆ ಊದಿತು. ಒಂದು ತಿಂಗಳು ಹೋಗಲಿಲ್ಲ. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎಂದು ಕಂಬಳಿ ಹೊದ್ದು ಕೂತೆ. ನಾಲ್ಕನೆಯ ವಾರ ದೇಚಮ್ಮ ಕೊಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಕೂರಲಿಲ್ಲ.

"ಎಂತ, ನಿಮ್ಮ ಪಕ್ಷ ಮುಂದಕ್ಕೆ ಹೋಯ್ತಾ?"

"ಮಂಡಿ ನೋವು ಕಣಕ್ಕ."

"ನನಗೂ ಸೊಂಟ ನೋವು. ನಾನು ಬರ್ಲಿಲ್ವಾ ಇಲ್ಲಿತನಕ? ಟೀಚರ್ ಎರಡು ಬಸ್ಸು ಬದಲಾಯಿಸಿ ಬರ್ತಾರೆ, ನಿಮಗೆ ಐವತ್ತು ಮೆಟ್ಟಿಲು ಇಳಿಯಲಿಕ್ಕೆ ಆಗಲ್ಲ. ಕುರ್ಚಿಯಲ್ಲಿ ಕೂತು ಕೈ ಮುಗಿಯಿರಿ, ಬಿಡಿ. ನಿಮ್ಮ ಯಜಮಾನರು ಎಂತ ಹೇಳ್ತಾರೆ, ಹೇಗೂ ಮಾತಾಡಲ್ವಲ್ಲ."

ನನಗೆ ಸಿಟ್ಟು ಬಂತು. ನಿಮ್ಮ ತಾತನ ಬಗ್ಗೆ ಇಲ್ಲಿ ಯಾರೂ ಹಾಗೆ ಮಾತಾಡಿರಲಿಲ್ಲ. ಆಮೇಲೆ ನೆನೆದರೆ, ಯಾವ ರೀತಿಯಲ್ಲೂ ಮಾತಾಡಿರಲಿಲ್ಲ. ಶನಿವಾರ ಹೋದೆ. ಟೀಚರ್ ಮಂಡಿಗೆ ಕೆಲಸ ಕೊಡದೆ, ಮಲಗಿಸಿ, ಉಸಿರಿನ ಜೊತೆ ತೊಡೆ ಬಿಗಿಯುವುದನ್ನು ಎರಡು ವಾರ ಮಾಡಿಸಿದರು. ಆಮೇಲೆ ಮತ್ತೆ ಮೂಟೆ, ಸ್ಟೂಲು, ಇಟ್ಟಿಗೆ. ಪಕ್ಷಕ್ಕೆ ಒಂಬತ್ತು ದಿನ ಇರುವಾಗ ಇಟ್ಟಿಗೆ ತೆಗೆದರು. ಕೂತೆ. ಅಂಗೈ ನೆಲಕ್ಕೆ ತಾಗಿತು. ಎದ್ದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಟೀಚರ್ "ಇನ್ನೊಂದು ಸಲ" ಎಂದರು.

ಊರಿನಲ್ಲಿ ಆದದ್ದನ್ನು ನೀವು ನೋಡಿದ್ದೀರಿ. ಆದರೆ ಮನು ಇಡೀ ಹೊತ್ತು ವಡೆಯನ್ನೇ ನೋಡುತ್ತಿದ್ದ, ಅದಕ್ಕೆ ಬರೆಯುತ್ತೇನೆ.

ಒಬ್ಬಳೇ ಮೂರು ಬಸ್ಸು ಬದಲಾಯಿಸಿ ಬಂದೆ. ಕುರ್ಚಿ ಒರೆಸಿ ಗೋಡೆಗೆ ಇಟ್ಟಿದ್ದರು. ಕಳಶ ಹೂಡಿ ಆಗಿತ್ತು, ನಿಮ್ಮ ತಾತನಿಗೆಂದು ತಂದ ಹೊಸ ಪಂಚೆ ಮುಂದಿತ್ತು. ನಿಮ್ಮಮ್ಮ ಎಲೆಯ ಮುಂದೆ ಕೂತಿದ್ದಳು. ನಾನು ಹೋಗಿ ಅವಳ ಪಕ್ಕ ಕೆಳಗೆ ಕೂತೆ.

"ಅತ್ತೆ, ಕುರ್ಚಿ ಐತೆ" ಎಂದಳು ಗಾಬರಿಯಿಂದ.

"ಇರ್ಲಿ ಬಿಡು."

ಅವಳು ಸೌಟನ್ನು ನನ್ನ ಕಡೆ ನೀಡಿದಳು. ನೀವೇ ಬಡಿಸಿ ಎನ್ನುವಂತೆ. ಒಂದು ವರ್ಷದಿಂದ ನಾನು ಕಾದದ್ದು ಅದಕ್ಕೇ. ಎಲೆ ನೋಡಿದೆ. ಉಪ್ಪು ಎಲ್ಲಿ ಬೇಕೋ ಅಲ್ಲಿತ್ತು. ತಾತನಿಗೆ ಇಷ್ಟವಾದ ಕಡಲೆಕಾಳಿನ ಗೊಜ್ಜನ್ನು ಬಲಗಡೆ ಮೊದಲು ಬಡಿಸಿದ್ದಳು, ನಾನು ಬಡಿಸುತ್ತಿದ್ದ ಹಾಗೇ. ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ಕಲಿತದ್ದು. ಎರಡು ಪಕ್ಷದಲ್ಲಿ ಆ ಜಾಗ ಅವಳದಾಗಿತ್ತು, ಅವಳಿಗೇ ಅದು ಗೊತ್ತಿರಲಿಲ್ಲ. "ನೀನೇ ಬಡ್ಸು, ನಾನು ಕೊಡ್ತಾ ಹೋಗ್ತೀನಿ" ಎಂದೆ. ಪಾತ್ರೆಗಳನ್ನು ಒಂದೊಂದಾಗಿ ಕೊಟ್ಟೆ.

ಧೂಪ ಹಾಕಿದ ಮೇಲೆ ಅಡ್ಡಬಿದ್ದೆ. ಹಣೆಗೆ ನೆಲ ತಣ್ಣಗಿತ್ತು. ಏಳುವಾಗ ಒಂದು ಮಂಡಿ ಊರಿ ಪಾದ ಮುಂದಿಟ್ಟೆ, ತೊಡೆ ನಡುಗಿತು. ನಿಮ್ಮಪ್ಪ ಓಡಿಬಂದು ತೋಳಿಗೆ ಕೈ ಹಾಕಿದ. "ಬಿಡು ರಮೇಶ" ಎಂದೆ. ಬಿಟ್ಟ. ಉಸಿರು ಹೊರಗೆ ಬಿಟ್ಟೆ, ಹಿಮ್ಮಡಿ ಒತ್ತಿದೆ, ಎದ್ದೆ. ಅಷ್ಟೇ. ಊಟಕ್ಕೆ ಹೊತ್ತಾಗಿತ್ತು, ಎಲ್ಲರೂ ಎಲೆ ಹಾಕಲು ಹೋದರು.

ಊಟವಾದ ಮೇಲೆ ನಿಮ್ಮಪ್ಪ ಜಗುಲಿಯಲ್ಲಿ ನನ್ನ ಪಕ್ಕ ಕೂತು ಹೇಳಿದ: "ಮಂಡಿ ಸರಿಹೋಯ್ತಲ್ಲವ್ವ. ಧೃತಿನೂ ದೊಡ್ಡೋಳಾದ್ಲು. ಇನ್ನ ಬಂದ್ಬುಡು. ಅಲ್ಲೇನೈತೆ?"

ಅವನು ಪ್ರೀತಿಯಿಂದಲೇ ಕೇಳಿದ. ನ್ಯಾಯವಾಗಿಯೂ ಕೇಳಿದ. ಊರಿಗೆ ಸರಿಯಾಗಿ ಬರಲೆಂದೇ ನಾನು ಅಲ್ಲಿ ಕಲಿತದ್ದು. ಕಲಿತದ್ದು ಮುಗಿದ ಮೇಲೆ ಅಲ್ಲಿರಲು ಕಾರಣ ಉಳಿಯಬಾರದು. ಆದರೆ ಅಲ್ಲೇನೈತೆ ಎಂದು ಅವನು ಕೇಳಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು ಸುಮಾ ಅಲ್ಲ, ಧೃತಿಯೂ ಅಲ್ಲ. ಮೂರನೆಯ ಅಡವು. ಅಡವು ಎಂದರೆ ಕಾಲು ಕೈ ಸೇರಿಸಿ ಕಲಿಯುವ ಒಂದೊಂದು ಪಾಠ. ಮೂರನೆಯದರಲ್ಲಿ ಬಲಗಾಲು ತಟ್ಟಿದ ಮೇಲೆ ಎಡಗೈ ಚಾಚಬೇಕು, ನನಗೆ ಬಲಗೈ ಬರುತ್ತದೆ. ಪಕ್ಷಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ. ನನಗೆ ಬೇಕು ಎಂ‌ಬುದಷ್ಟೇ ಕಾರಣ, ಅದನ್ನು ಮಗನಿಗೆ ಹೇಳುವುದು ಹೇಗೆಂದು ಗೊತ್ತಾಗಲಿಲ್ಲ. "ನೋಡಣ ಕಣಪ್ಪ" ಎಂದೆ.

ಈಗ ಬರೆದು ಹೇಳುತ್ತಿದ್ದೇನೆ, ಅವನಿಗೆ ಓದಿ ಹೇಳಿ. ಪಕ್ಷಕ್ಕೆ ಬರುತ್ತೇನೆ, ಯುಗಾದಿಗೆ ಬರುತ್ತೇನೆ, ನಿಮ್ಮ ಬೇಸಗೆ ರಜೆಯಲ್ಲಿ ಒಂದು ತಿಂಗಳು ಇರುತ್ತೇನೆ. ಎಡೆಯನ್ನು ಭಾಗ್ಯಳೇ ಇಡಲಿ, ನಾನು ಪಕ್ಕದಲ್ಲಿ ಕೂರುತ್ತೇನೆ. ಉಳಿದ ದಿನ ಚೆಟ್ಟಳ್ಳಿಯಲ್ಲಿ ಇರುತ್ತೇನೆ. ಇಲ್ಲಿದ್ದಾಗ ಆ ಮನೆಯ ನೆಲದ ತಂಪು ನೆನಪಾಗುತ್ತದೆ, ಮುದ್ದೆ ತಿನ್ನುವಾಗ ಈಗಲೂ ಎದುರಿಗೆ ಯಾರೂ ಇರುವುದಿಲ್ಲ. ಅಲ್ಲಿಗೆ ಬಂದರೆ ಇಲ್ಲಿಯ ಕಣ ನೆನಪಾಗುತ್ತದೆ ಎಂದು ಈ ಸಲ ಗೊತ್ತಾಯಿತು.

ಊರಿನಲ್ಲಿದ್ದ ಬುಧವಾರ ನೀವಿಬ್ಬರೂ ಶಾಲೆಗೆ ಹೋಗಿದ್ದಿರಿ. ಹತ್ತು ಗಂಟೆಯ ಹೊತ್ತಿಗೆ ನಾನು ಪಾತ್ರೆ ಬೋರಲು ಹಾಕಲು ಅಂಗಳಕ್ಕೆ ಬಂದೆ. ಪಾತ್ರೆ ಇಟ್ಟ ಮೇಲೆ ಒಳಗೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾದ ತಿರುಗಿಸಿ, ಅರ್ಧ ಕೂತೆ. ಮೆಲ್ಲಗೆ ಬಲಗಾಲು ತಟ್ಟಿದೆ, ಎಡಗಾಲು ತಟ್ಟಿದೆ. ಕೈ ಚಾಚಿ ತಿರುಗಿದಾಗ ನಿಮ್ಮಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಕೈ ಇಳಿಸಿದೆ. ಅವಳು ನನ್ನನ್ನು ದಾಟಿಕೊಂಡು ಹೋಗಿ, ಬೀದಿಯ ಕಡೆಯ ಗೇಟು ಹಾಕಿ, ಹಾಗೇ ಒಳಗೆ ಹೋದಳು.